ಆರ್ಥರ್ ಅನ್ನೋ ರಾಜ ನಿಜಕ್ಕೂ ಇದ್ದನಾ?

ಪ್ರಶ್ನೆ: ಮುಂದಿನ ತಿಂಗಳು ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಮೊಮ್ಮಗನಿಗೆ ಆರ್ಥರ್ ರಾಜನ ಕಥೆ ಅಂದ್ರೆ ಪ್ರಾಣ. ವಿಂಚೆಸ್ಟರಿನಲ್ಲಿ ಅವನು ತನ್ನ ಯೋಧರ ಜತೆ ಕೂರುತ್ತಿದ್ದ ದುಂಡು ಮೇಜು ಇದೆ, ಗ್ಲಾಸ್ಟನ್‌ಬರಿಯಲ್ಲಿ ಸಮಾಧಿ ಇದೆ, ಟಿಂಟಾಜೆಲ್‌ನಲ್ಲಿ ಅವನ ಹೆಸರು ಕೆತ್ತಿದ ಕಲ್ಲು ಸಿಕ್ಕಿದೆ ಅಂತೆಲ್ಲ ಓದಿದೆ. ಇಷ್ಟಿದ್ದರೂ ಇತಿಹಾಸಕಾರರು ಅವನನ್ನು ಒಪ್ಪುವುದಿಲ್ಲವಂತೆ. ಯಾಕೆ? ನೋಡುವುದಾದರೆ ಯಾವ ಜಾಗ ನೋಡಬೇಕು?

ಉತ್ತರ: ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆರ್ಥರ್ ಅನ್ನುವ ರಾಜ ಇದ್ದ ಅಂತ ತೋರಿಸುವ ಒಂದೇ ಒಂದು ಸಮಕಾಲೀನ ದಾಖಲೆಯೂ ಇಲ್ಲ. ಶಾಸನ ಇಲ್ಲ, ನಾಣ್ಯ ಇಲ್ಲ, ಪತ್ರ ಇಲ್ಲ. ಆ ಹೆಸರಿನ ಒಬ್ಬ ಸೇನಾನಾಯಕ ಕ್ರಿ.ಶ. 500ರ ಆಸುಪಾಸಿನಲ್ಲಿ ಇದ್ದಿರಬಹುದು. ಆದರೆ ನೀವು ಹೇಳಿದ ಮೂರು ವಸ್ತುಗಳಲ್ಲಿ ಒಂದೂ ಅವನದ್ದಲ್ಲ. ಮೂರನ್ನೂ ಒಂದೊಂದಾಗಿ ನೋಡೋಣ. ಯಾಕಂದ್ರೆ ಅವು ಆರ್ಥರನದ್ದಲ್ಲದಿದ್ದರೂ ಆರ್ಥರನ ಕಥೆ ಹೇಗೆ ಬೆಳೆಯಿತು ಅನ್ನುವುದನ್ನು ಚೆನ್ನಾಗಿ ಹೇಳುತ್ತವೆ.

ವಿಂಚೆಸ್ಟರಿನ ಮೇಜು ನಿಜಕ್ಕೂ ಬೆರಗು ಹುಟ್ಟಿಸುವ ವಸ್ತು. ಓಕ್ ಮರದ್ದು. ಐದೂವರೆ ಮೀಟರ್ ಅಗಲ, ಒಂದು ಟನ್ನಿಗಿಂತ ಜಾಸ್ತಿ ತೂಕ. ಕೋಟೆಯ ದೊಡ್ಡ ಹಜಾರದ ಗೋಡೆಗೆ ತೂಗುಹಾಕಿದ್ದಾರೆ. ಸುತ್ತ ಹಸಿರು ಬಿಳಿ ಪಟ್ಟೆಗಳು, ಅಂಚಿನಲ್ಲಿ 24 ಯೋಧರ ಹೆಸರುಗಳು, ಮೇಲ್ಗಡೆ ಸಿಂಹಾಸನದ ಮೇಲೆ ಕೂತ ಆರ್ಥರ್. 1976ರಲ್ಲಿ ಇದನ್ನು ಕೆಳಗಿಳಿಸಿ ಪರೀಕ್ಷೆ ಮಾಡಿದರು. ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿದರು, ಇಂಗಾಲದ ಪರೀಕ್ಷೆಯನ್ನೂ ಮಾಡಿದರು. ಮೇಜು 13ನೇ ಶತಮಾನದ ಕೊನೆಯ ಭಾಗದ್ದು ಅನ್ನುವ ತೀರ್ಮಾನಕ್ಕೆ ಬಂದರು. ಅಂದರೆ ಆರ್ಥರ್ ಬದುಕಿದ್ದ ಅನ್ನುವ ಕಾಲಕ್ಕಿಂತ ಸುಮಾರು ಎಂಟುನೂರು ವರ್ಷ ಈಚಿನದು. ಆಗ ಆಳುತ್ತಿದ್ದವನು ಒಂದನೇ ಎಡ್ವರ್ಡ್. ಅವನಿಗೆ ಆರ್ಥರನ ಕಥೆಗಳ ಹುಚ್ಚು ವಿಪರೀತ ಇತ್ತು. ಮೇಲಿನ ಬಣ್ಣ ಇನ್ನೂ ಈಚಿನದು, ಎಂಟನೇ ಹೆನ್ರಿಯ ಕಾಲದ್ದು. 1522ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಬಂದಾಗ ಹೆನ್ರಿ ಅವನನ್ನು ಕರೆದೊಯ್ದು ಈ ಮೇಜನ್ನು ತೋರಿಸಿದ. ನಡುವೆ ಇರುವುದು ಹೆನ್ರಿಯ ಟ್ಯೂಡರ್ ಮನೆತನದ ಗುಲಾಬಿ. ನೀವು ಹೋದಾಗ ಆರ್ಥರನ ಮುಖವನ್ನು ಗಮನವಿಟ್ಟು ನೋಡಿ. ಅದು ಗಡ್ಡ ಬಿಟ್ಟ ಯುವಕ ಹೆನ್ರಿಯ ಮುಖವನ್ನೇ ಹೋಲುತ್ತದೆ ಅಂತ ಬಹಳ ಜನ ತಜ್ಞರು ಹೇಳುತ್ತಾರೆ.

ಟಿಂಟಾಜೆಲ್‌ನ ಕಲ್ಲಿನ ವಿಷಯ ಚಿಕ್ಕದು. 1998ರಲ್ಲಿ ಅಗೆತದ ವೇಳೆ ಒಂದು ಮುರಿದ ಸ್ಲೇಟ್ ಕಲ್ಲು ಸಿಕ್ಕಿತು. ಯಾರೋ ಅದನ್ನು ಚರಂಡಿಯ ಮುಚ್ಚಳವಾಗಿ ಬಳಸಿದ್ದರು. ಅಕ್ಷರಗಳು 6ನೇ ಶತಮಾನದವು. ಅದರಲ್ಲಿರುವ ಹೆಸರು ಆರ್ಟೊಗ್ನೌ. ಆರ್ಥರ್ ಅಲ್ಲ. ಪತ್ರಿಕೆಗಳು ಮೊದಲ ಮೂರು ಅಕ್ಷರ ನೋಡಿ ಸಂಭ್ರಮಿಸಿದವು, ಅಷ್ಟೇ. ಆದರೆ ಆ ಕಲ್ಲಿನಿಂದ ನಮಗೆ ಒಂದು ನಿಜವಾದ ವಿಷಯ ತಿಳಿಯುತ್ತದೆ. ರೋಮನ್ನರು ಹೋದ ಮೇಲೂ ಆ ಬಂಡೆಯ ತುದಿಯಲ್ಲಿ ಓದು ಬರಹ ಬಲ್ಲ ಜನ ಇದ್ದರು. ಅಲ್ಲೇ ಮೆಡಿಟರೇನಿಯನ್ ಕಡೆಯಿಂದ ಬಂದ ಎಣ್ಣೆ ಮತ್ತು ವೈನಿನ ಜಾಡಿಗಳ ಚೂರುಗಳು ರಾಶಿ ರಾಶಿ ಸಿಕ್ಕಿವೆ. ಬ್ರಿಟನ್ನಿನಲ್ಲಿ ಆ ಕಾಲದ ಇಷ್ಟು ಆಮದು ಮಡಕೆ ಬೇರೆಲ್ಲೂ ಸಿಕ್ಕಿಲ್ಲ. ಅಲ್ಲಿ ಯಾರೋ ಬಲಾಢ್ಯ ದೊರೆ ಇದ್ದ. ಅವನ ಹೆಸರು ಮಾತ್ರ ಉಳಿದಿಲ್ಲ. ಈಗ ಕಾಣುವ ಕೋಟೆಯ ಪಾಳುಗೋಡೆಗಳು 13ನೇ ಶತಮಾನದವು. ಆರ್ಥರನ ಹುಟ್ಟನ್ನು ಟಿಂಟಾಜೆಲ್‌ಗೆ ಜೋಡಿಸುವ ಕಥೆ ಅದಕ್ಕೂ ನೂರು ವರ್ಷ ಮೊದಲೇ ಊರೂರು ಸುತ್ತಿತ್ತು. ಕಥೆ ಮೊದಲು ಬಂತು, ಕೋಟೆ ಆಮೇಲೆ ಎದ್ದಿತು.

ಇನ್ನು ಸಮಾಧಿ. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು.

ಗ್ಲಾಸ್ಟನ್‌ಬರಿಯ ಮಠಕ್ಕೆ 1184ರಲ್ಲಿ ಬೆಂಕಿ ಬಿತ್ತು. ಹಳೆಯ ಚರ್ಚು, ಪವಿತ್ರ ಅವಶೇಷಗಳು, ಎಲ್ಲ ಸುಟ್ಟುಹೋದವು. ಎರಡನೇ ಹೆನ್ರಿ ಹಣ ಕೊಟ್ಟು ಮತ್ತೆ ಕಟ್ಟಿಸಲು ಶುರು ಮಾಡಿದ. 1189ರಲ್ಲಿ ಅವನು ತೀರಿಕೊಂಡ. ಮಗ ರಿಚರ್ಡನಿಗೆ ಧರ್ಮಯುದ್ಧದ ಚಿಂತೆ. ಹಣದ ಹರಿವು ನಿಂತಿತು. 1191ರ ಹೊತ್ತಿಗೆ ಮಠದವರು ತಮ್ಮ ಸ್ಮಶಾನದಲ್ಲಿ, ಎರಡು ಹಳೆಯ ಕಲ್ಲುಕಂಬಗಳ ನಡುವೆ ಅಗೆದರು. ಆಳದಲ್ಲಿ ಓಕ್ ಮರದ ದಿಮ್ಮಿಯನ್ನು ಟೊಳ್ಳು ಮಾಡಿದ ಶವಪೆಟ್ಟಿಗೆ ಸಿಕ್ಕಿತಂತೆ. ಒಳಗೆ ಒಬ್ಬ ಗಂಡಸಿನ, ಒಬ್ಬ ಹೆಂಗಸಿನ ಮೂಳೆಗಳು. ಜತೆಗೊಂದು ಸೀಸದ ಶಿಲುಬೆ.

ವೇಲ್ಸಿನ ಜೆರಾಲ್ಡ್ ಅನ್ನುವ ಪಾದ್ರಿ ಅದಾಗಿ ಸ್ವಲ್ಪ ಕಾಲಕ್ಕೇ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಗಂಡಸಿನ ಮೊಣಕಾಲ ಕೆಳಗಿನ ಮೂಳೆಯನ್ನು ಅಲ್ಲಿದ್ದ ಅತ್ಯಂತ ಎತ್ತರದ ಮನುಷ್ಯನ ಕಾಲಿನ ಪಕ್ಕ ನಿಲ್ಲಿಸಿದರಂತೆ. ಅದು ಅವನ ಮಂಡಿಗಿಂತ ಮೂರು ಬೆರಳು ಮೇಲಕ್ಕೆ ಬಂತಂತೆ. ತಲೆಬುರುಡೆಯ ಮೇಲೆ ಹತ್ತಕ್ಕೂ ಹೆಚ್ಚು ಗಾಯದ ಗುರುತು. ಒಂದು ಬಿಟ್ಟು ಉಳಿದವೆಲ್ಲ ಮಾಗಿದ್ದವು. ಹೆಂಗಸಿನ ಹೊಂಬಣ್ಣದ ಜಡೆಯೊಂದು ಹಾಗೇ ಉಳಿದಿತ್ತು. ಒಬ್ಬ ಸನ್ಯಾಸಿ ಆತುರದಿಂದ ಅದಕ್ಕೆ ಕೈ ಹಾಕಿದ್ದೇ ತಡ, ಪುಡಿಪುಡಿಯಾಗಿ ಹೋಯಿತು.

ಓದಲು ಎಷ್ಟು ಚೆನ್ನಾಗಿದೆ, ಅಲ್ವಾ? ಆದರೆ ಶಿಲುಬೆಯ ಮೇಲಿನ ಬರಹ ನೋಡಿ. "ಇಲ್ಲಿ ಅವಲೋನ್ ದ್ವೀಪದಲ್ಲಿ ಪ್ರಖ್ಯಾತ ರಾಜ ಆರ್ಥರ್ ಮಲಗಿದ್ದಾನೆ" ಅನ್ನುವುದು ಅದರ ಸಾರ. ಅವಲೋನ್ ಅಂದರೆ ಗಾಯಗೊಂಡ ಆರ್ಥರನನ್ನು ಕರೆದೊಯ್ದರು ಅಂತ ಕಥೆಗಳು ಹೇಳುವ ದ್ವೀಪ. ಆ ಹೆಸರು ಆರ್ಥರನ ಜತೆ ಮೊದಲ ಸಲ ಕಾಣಿಸಿಕೊಳ್ಳುವುದೇ 1130ರ ದಶಕದ ಒಂದು ಪುಸ್ತಕದಲ್ಲಿ. ಅದಕ್ಕಿಂತ ಹಿಂದಿನ ಯಾವ ಬರಹದಲ್ಲೂ ಅದು ಇಲ್ಲ. ಹಾಗಿದ್ದಾಗ 6ನೇ ಶತಮಾನದಲ್ಲಿ ಹೂತರು ಅನ್ನುವ ಶಿಲುಬೆಯ ಮೇಲೆ ಅದು ಹೇಗೆ ಬಂತು? ಇನ್ನೊಂದು ತೊಡಕಿದೆ. ಜೆರಾಲ್ಡ್ ಕೊಟ್ಟಿರುವ ಬರಹದಲ್ಲಿ "ಎರಡನೇ ಹೆಂಡತಿ ಗ್ವಿನೆವಿಯರ್ ಜತೆ" ಅನ್ನುವ ಮಾತಿದೆ. 1607ರಲ್ಲಿ ಇತಿಹಾಸಕಾರ ವಿಲಿಯಂ ಕ್ಯಾಮ್ಡನ್ ಅಚ್ಚು ಹಾಕಿಸಿದ ಶಿಲುಬೆಯ ಚಿತ್ರದಲ್ಲಿ ಹೆಂಡತಿಯ ಸುದ್ದಿಯೇ ಇಲ್ಲ. ಈಗ ಶಿಲುಬೆಯೂ ಇಲ್ಲ, ಮೂಳೆಗಳೂ ಇಲ್ಲ. 1278ರಲ್ಲಿ ಒಂದನೇ ಎಡ್ವರ್ಡ್ ರಾಣಿಯ ಜತೆ ಬಂದು ಮೂಳೆಗಳನ್ನು ಚರ್ಚಿನ ಮುಖ್ಯ ಬಲಿಪೀಠದ ಮುಂದೆ ಮರುಸಮಾಧಿ ಮಾಡಿಸಿದ. 1539ರಲ್ಲಿ ಎಂಟನೇ ಹೆನ್ರಿ ಮಠವನ್ನೇ ಮುಚ್ಚಿಸಿದ. ಅಲ್ಲಿಗೆ ಎಲ್ಲ ಚೆಲ್ಲಾಪಿಲ್ಲಿ. ಅಲ್ಲಿನ ಹಳೆಯ ಅಗೆತದ ದಾಖಲೆಗಳನ್ನು ರೀಡಿಂಗ್ ವಿಶ್ವವಿದ್ಯಾಲಯದವರು ಮತ್ತೆ ಪರಿಶೀಲಿಸಿದರು. "ಆರ್ಥರನ ಸಮಾಧಿ ಗುಂಡಿ" ಅಂತ ಹೇಳುತ್ತಿದ್ದ ಜಾಗವನ್ನು ಅವನ ಜತೆ ಜೋಡಿಸಲು ಯಾವ ಆಧಾರವೂ ಅವರಿಗೆ ಸಿಗಲಿಲ್ಲ.

ಮಠಕ್ಕೆ ಯಾತ್ರಿಕರು ಬೇಕಿತ್ತು, ನಿಜ. ಅರಮನೆಗೂ ಈ ಸಮಾಧಿಯಿಂದ ಲಾಭವಿತ್ತು. ಆರ್ಥರ್ ಸತ್ತಿಲ್ಲ, ಒಂದು ದಿನ ಬಂದು ನಮ್ಮನ್ನು ಬಿಡಿಸುತ್ತಾನೆ ಅಂತ ವೇಲ್ಸ್ ಮತ್ತು ಕಾರ್ನ್‌ವಾಲ್ ಜನ ನಂಬಿದ್ದರು. ಆ ನಂಬಿಕೆ ಎಷ್ಟು ಗಟ್ಟಿ ಇತ್ತು ಅನ್ನಲು 1113ರ ಒಂದು ಘಟನೆ ಸಾಕು. ಫ್ರಾನ್ಸಿನ ಲಾನ್ ಊರಿನ ಪಾದ್ರಿಗಳು ಚರ್ಚು ಕಟ್ಟಲು ಹಣ ಕೂಡಿಸುತ್ತ ಕಾರ್ನ್‌ವಾಲಿನ ಬೋಡ್ಮಿನ್‌ಗೆ ಬಂದಿದ್ದರು. ಕೈ ಬತ್ತಿಹೋಗಿದ್ದ ಒಬ್ಬ ಮನುಷ್ಯ ವಾಸಿಯಾಗುವ ಆಸೆಯಿಂದ ಅವರ ಬಳಿ ಬಂದ. ಮಾತಿನ ನಡುವೆ, ಆರ್ಥರ್ ಇನ್ನೂ ಬದುಕಿದ್ದಾನೆ ಅಂದ. ಪಾದ್ರಿಗಳ ಕಡೆಯವನೊಬ್ಬ ನಕ್ಕುಬಿಟ್ಟ. ಊರವರು ಆಯುಧ ಹಿಡಿದು ನುಗ್ಗಿದರು. ಇಂಥ ಜನರ ಮುಂದೆ "ನೋಡಿ, ನಿಮ್ಮ ಆರ್ಥರ್ ಇಲ್ಲಿ ಮಲಗಿದ್ದಾನೆ" ಅಂತ ಮೂಳೆ ತೋರಿಸಿದರೆ ಇಂಗ್ಲೆಂಡಿನ ರಾಜನಿಗೆ ಎಷ್ಟು ಅನುಕೂಲ ನೀವೇ ಯೋಚಿಸಿ. ಅದೇ ಒಂದನೇ ಎಡ್ವರ್ಡ್ 1301ರಲ್ಲಿ ಪೋಪ್‌ಗೆ ಪತ್ರ ಬರೆದು, ಸ್ಕಾಟ್ಲೆಂಡಿನ ಮೇಲೆ ತನ್ನ ಹಕ್ಕಿಗೆ ಆರ್ಥರನನ್ನೇ ಆಧಾರವಾಗಿ ಮುಂದಿಟ್ಟ.

ಹಾಗಾದರೆ ಬರಹದ ಆಧಾರಗಳು ಏನು ಹೇಳುತ್ತವೆ? ಇಲ್ಲೇ ಹೆಚ್ಚಿನವರು ದಾರಿ ತಪ್ಪುವುದು. ಒಂದು ಪುಸ್ತಕ ಯಾವ ವರ್ಷದ ಕಥೆ ಹೇಳುತ್ತದೆ ಅಂತ ನೋಡುತ್ತಾರೆ. ಅದನ್ನು ಯಾವ ವರ್ಷದಲ್ಲಿ ಬರೆದರು ಅಂತ ನೋಡುವುದಿಲ್ಲ. ಬರೆದ ವರ್ಷದ ಪ್ರಕಾರ ಜೋಡಿಸಿ ಓದಿದರೆ ಚಿತ್ರ ಪೂರ್ತಿ ಬದಲಾಗುತ್ತದೆ.

ರೋಮ್ ಬ್ರಿಟನ್ನಿನ ಮೇಲಿನ ಹಿಡಿತ ಬಿಟ್ಟದ್ದು 410ರ ಸುಮಾರಿಗೆ. ಆಮೇಲೆ ಜರ್ಮನಿ ಕಡೆಯ ಸ್ಯಾಕ್ಸನ್ನರು ಸಮುದ್ರ ದಾಟಿ ಬಂದು ಪೂರ್ವದ ಕಡೆ ನೆಲೆಯೂರಿದರು. ಈ ಕಾಲದ ಬಗ್ಗೆ ಬ್ರಿಟನ್ನಿನವನೇ ಬರೆದ, ನಮ್ಮ ಕೈಲಿರುವ ಮುಖ್ಯ ಬರಹ ಅಂದರೆ ಗಿಲ್ಡಾಸ್ ಅನ್ನುವ ಸನ್ಯಾಸಿಯದು. ಅವನು ಬರೆದದ್ದು 6ನೇ ಶತಮಾನದಲ್ಲಿ. ಬೇಡನ್ ಬೆಟ್ಟದ ಮುತ್ತಿಗೆಯಲ್ಲಿ ಬ್ರಿಟನ್ನರು, ಅಂದರೆ ದ್ವೀಪದ ಹಳೆಯ ಜನ, ಸ್ಯಾಕ್ಸನ್ನರನ್ನು ಸೋಲಿಸಿದರು, ಅದು ನಾನು ಹುಟ್ಟಿದ ವರ್ಷ ಅನ್ನುತ್ತಾನೆ. ಆರ್ಥರ್ ಗೆದ್ದ ಅಂತ ಆಮೇಲಿನ ಬರಹಗಳು ಹೇಳುವುದು ಇದೇ ಕದನವನ್ನು. ಅಂದರೆ ಗಿಲ್ಡಾಸ್ ಆರ್ಥರನ ಕಾಲದವನೇ. ಸ್ಯಾಕ್ಸನ್ನರ ವಿರುದ್ಧ ಜನರನ್ನು ಕಟ್ಟಿದ ಆಂಬ್ರೋಸಿಯಸ್ ಔರೆಲಿಯಾನಸ್ ಅನ್ನುವ ನಾಯಕನನ್ನು ಹೆಸರು ಹಿಡಿದು ಹೊಗಳುತ್ತಾನೆ. ತನ್ನ ಕಾಲದ ಐದು ರಾಜರನ್ನು ಹೆಸರು ಹಿಡಿದು ಬೈಯುತ್ತಾನೆ. ಆರ್ಥರ್? ಇಡೀ ಬರಹದಲ್ಲಿ ಎಲ್ಲೂ ಇಲ್ಲ. 731ರಲ್ಲಿ ಇಂಗ್ಲಿಷ್ ಜನರ ಚರ್ಚಿನ ಇತಿಹಾಸ ಮುಗಿಸಿದ ಬೀಡ್ ಅನ್ನುವ ಸನ್ಯಾಸಿ ಕೂಡ ಬೇಡನ್ ಕದನ ಹೇಳುತ್ತಾನೆ, ಆಂಬ್ರೋಸಿಯಸ್‌ನನ್ನು ಹೇಳುತ್ತಾನೆ. ಆರ್ಥರನ ಸುದ್ದಿ ಇಲ್ಲ.

ಗಿಲ್ಡಾಸ್ ಬರೆದದ್ದು ಉಪದೇಶ, ಇತಿಹಾಸವಲ್ಲ, ಹಾಗಾಗಿ ಬಿಟ್ಟಿರಬಹುದು ಅಂತ ಕೆಲವರು ವಾದಿಸುತ್ತಾರೆ. ಸರಿ, ಒಪ್ಪಬಹುದಾದ ಮಾತು. ಆದರೆ ಎಷ್ಟು ದೊಡ್ಡ ಕೊರತೆ ಇದು ಅಂತ ತಿಳಿಯಲು ನಮ್ಮ ಬಾದಾಮಿಯನ್ನು ನೆನೆಸಿಕೊಳ್ಳಿ. ಅಲ್ಲಿನ ಬಂಡೆಯ ಮೇಲೆ ಒಂದನೇ ಪುಲಕೇಶಿ ಕೋಟೆ ಕಟ್ಟಿಸಿದ್ದನ್ನು ಶಕ ವರ್ಷ 465 ಅಂತ ನಮೂದಿಸಿ ಕೆತ್ತಿದ್ದಾರೆ. ಅಂದರೆ ಕ್ರಿ.ಶ. 543. ಆರ್ಥರ್ ಸತ್ತ ಅಂತ ಒಂದು ದಾಖಲೆ ಹೇಳುವ ವರ್ಷ 537. ಆರೇ ವರ್ಷದ ಅಂತರ. ಒಬ್ಬ ರಾಜನ ಕಾಲದ್ದೇ ಬರಹ ಇವತ್ತಿಗೂ ಬಂಡೆಯ ಮೇಲಿದೆ. ಇನ್ನೊಬ್ಬನ ಹೆಸರು ಮುನ್ನೂರು ವರ್ಷದ ನಂತರ ಬರೆದ ಪುಸ್ತಕದಲ್ಲಿ ಮೊದಲ ಸಲ ಸ್ಪಷ್ಟವಾಗಿ ಕಾಣಿಸುತ್ತದೆ.

ಆ ಪುಸ್ತಕ 829–30ರ ಸುಮಾರಿಗೆ ವೇಲ್ಸಿನಲ್ಲಿ ಲ್ಯಾಟಿನ್‌ನಲ್ಲಿ ಬರೆದ 'ಬ್ರಿಟನ್ನರ ಇತಿಹಾಸ'. ಬರೆದವನು ನೆನ್ನಿಯಸ್ ಅನ್ನುವ ವಾಡಿಕೆ ಇದೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಪ್ರೀತಿಯ ಬರಹ ಇದೇ. ಇಲ್ಲಿ ಆರ್ಥರ್ ರಾಜನಲ್ಲ. ಬ್ರಿಟನ್ನರ ರಾಜರ ಜತೆ ಸೇರಿ ಹೋರಾಡಿದ ಯುದ್ಧನಾಯಕ. ಹನ್ನೆರಡು ಕದನಗಳ ಪಟ್ಟಿ ಇದೆ, ಎಲ್ಲದರಲ್ಲೂ ಗೆಲುವು. ಕೊನೆಯದು ಬೇಡನ್. ಅಲ್ಲಿ ಒಂದೇ ದಿನ ಆರ್ಥರನ ಒಂದೇ ದಾಳಿಗೆ 960 ಜನ ಬಿದ್ದರು, ಬೀಳಿಸಿದ್ದು ಅವನೊಬ್ಬನೇ ಅನ್ನುತ್ತದೆ ಪುಸ್ತಕ. ಇದು ಇತಿಹಾಸದ ಧಾಟಿ ಅಲ್ಲ, ವೀರಗೀತೆಯ ಧಾಟಿ. ಕದನದ ಜಾಗಗಳೂ ಒಂದು ಕಡೆ ಇಲ್ಲ. ಒಂದು ಸ್ಕಾಟ್ಲೆಂಡಿನ ಕಾಡು. ಇನ್ನೊಂದು ಚೆಸ್ಟರ್ ಅಥವಾ ಕೇರ್ಲಿಯನ್. ಬೇಡನ್ ಎಲ್ಲಿ ಅಂತ ಇವತ್ತಿಗೂ ತೀರ್ಮಾನ ಆಗಿಲ್ಲ. ಬೇರೆ ಬೇರೆ ನಾಯಕರ ಕದನಗಳನ್ನು ಒಬ್ಬನ ಹೆಸರಿಗೆ ಸೇರಿಸಿದ್ದಾರೆ ಅನ್ನುವ ಅನುಮಾನ ಬಲವಾಗಿದೆ.

ಅದೇ ಪುಸ್ತಕದ ಜತೆ ಬರುವ ಅದ್ಭುತಗಳ ಪಟ್ಟಿಯಲ್ಲಿ ಆರ್ಥರ್ ಮತ್ತೆ ಎರಡು ಸಲ ಬರುತ್ತಾನೆ. ಒಂದು ಕಡೆ ಕಲ್ಲುಗುಡ್ಡೆಯ ಮೇಲೆ ಅವನ ನಾಯಿ ಕಬಾಲ್‌ನ ಹೆಜ್ಜೆ ಗುರುತು ಮೂಡಿದ ಕಲ್ಲಿದೆ. ಮಹಾ ಹಂದಿಯೊಂದನ್ನು ಬೇಟೆಯಾಡುವಾಗ ಮೂಡಿದ್ದು. ಯಾರಾದರೂ ಆ ಕಲ್ಲನ್ನು ಹೊತ್ತೊಯ್ದರೆ ಮರುದಿನ ಅದು ಮತ್ತೆ ಗುಡ್ಡೆಯ ಮೇಲೇ ಇರುತ್ತದಂತೆ. ಇನ್ನೊಂದು ಕಡೆ ಅವನ ಮಗ ಅಮ್ರ್‌ನ ಸಮಾಧಿ. ಮಗನನ್ನು ಕೊಂದವನು ಆರ್ಥರನೇ. ಯಾಕೆ ಕೊಂದ ಅನ್ನುವುದನ್ನು ಪುಸ್ತಕ ಹೇಳುವುದಿಲ್ಲ. ಆ ಸಮಾಧಿಯನ್ನು ಅಳೆಯಲು ಹೋದವರಿಗೆ ಅಳತೆ ಒಂದು ಸಲ ಆರು ಅಡಿ, ಒಂದು ಸಲ ಒಂಬತ್ತು, ಒಂದು ಸಲ ಹನ್ನೆರಡು, ಒಂದು ಸಲ ಹದಿನೈದು. ನಾನೇ ಅಳೆದು ನೋಡಿದ್ದೇನೆ ಅಂತ ಬರೆದವನು ಸೇರಿಸುತ್ತಾನೆ. 9ನೇ ಶತಮಾನಕ್ಕಾಗಲೇ ಆರ್ಥರ್ ಕಲ್ಲು, ಗುಡ್ಡ, ಬುಗ್ಗೆಗಳಿಗೆ ಅಂಟಿಕೊಂಡ ಜನಪದ ವೀರನಾಗಿದ್ದ ಅನ್ನುವುದು ಇದರಿಂದ ಖಚಿತ. ಮೊದಲು ಜನಪದ ವೀರ ಇದ್ದು ಆಮೇಲೆ ಅವನನ್ನು ಇತಿಹಾಸಕ್ಕೆ ತಂದರೇ, ಅಥವಾ ನಿಜವಾದ ಯೋಧನೊಬ್ಬ ಜನಪದಕ್ಕೆ ಇಳಿದನೇ? ವಿದ್ವಾಂಸರ ನಿಜವಾದ ಜಗಳ ಇರುವುದು ಇಲ್ಲಿ.

ಇದ್ದ ಅನ್ನುವವರ ಕೈಲಿ ಮೂರು ಆಧಾರಗಳಿವೆ. ಒಂದು, 'ವೇಲ್ಸಿನ ವಾರ್ಷಿಕ ದಾಖಲೆ'. 537ರ ಎದುರು ಕ್ಯಾಮ್ಲಾನ್ ಕದನ, ಅದರಲ್ಲಿ ಆರ್ಥರ್ ಮತ್ತು ಮೆಡ್ರಾಟ್ ಬಿದ್ದರು ಅಂತಿದೆ. ಅವರು ಒಬ್ಬರಿಗೊಬ್ಬರು ವೈರಿಗಳಾಗಿದ್ದರು ಅಂತ ಅಲ್ಲಿಲ್ಲ. ಮೆಡ್ರಾಟ್‌ನನ್ನು ದ್ರೋಹಿ ಮಾರ್ಡ್ರೆಡ್ ಮಾಡಿದ್ದು ಆಮೇಲಿನ ಸೃಷ್ಟಿ. ಈ ಬರಿಯ ಒಂದು ಸಾಲು ಕಟ್ಟುಕಥೆಯಂತೆ ಕೇಳುವುದಿಲ್ಲ ನಿಜ. ಆದರೆ ದಾಖಲೆಯನ್ನು ಈಗಿನ ರೂಪದಲ್ಲಿ ಜೋಡಿಸಿದ್ದು 10ನೇ ಶತಮಾನದಲ್ಲಿ. ಎರಡು, 'ಗೊಡೊದಿನ್' ಅನ್ನುವ ಹಳೆಯ ವೆಲ್ಷ್ ಕಾವ್ಯ. 600ರ ಸುಮಾರಿನ ಕದನದಲ್ಲಿ ಸತ್ತವರಿಗಾಗಿ ಹಾಡಿದ್ದು. ಒಬ್ಬ ಯೋಧನನ್ನು ಹೊಗಳಿ, "ಅವನೇನೂ ಆರ್ಥರ್ ಅಲ್ಲದಿದ್ದರೂ" ಅನ್ನುತ್ತದೆ. ಆ ಸಾಲು ಮೂಲದ್ದೇ ಆಗಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ನಮ್ಮ ಕೈಲಿರುವ ಹಸ್ತಪ್ರತಿ 13ನೇ ಶತಮಾನದ್ದು. ನಡುವೆ ಹಾಡುತ್ತಾ ಹಾಡುತ್ತಾ ಯಾರು ಏನು ಸೇರಿಸಿದರೋ. ಮೂರು, 6ನೇ ಶತಮಾನದ ಕೊನೆಗೆ ಸ್ಕಾಟ್ಲೆಂಡ್ ಮತ್ತು ವೇಲ್ಸಿನ ಕೆಲವು ರಾಜಮನೆತನಗಳಲ್ಲಿ ಮಕ್ಕಳಿಗೆ ಆರ್ಥರ್ ಅಂತ ಹೆಸರಿಡಲು ಶುರು ಮಾಡಿದರು. ಯಾರೋ ಹೆಸರುವಾಸಿ ವೀರ ಇದ್ದಿರಬೇಕು ಅಂತ ಇದರಿಂದ ಊಹಿಸಬಹುದು. ನನಗೆ ಮೂರರಲ್ಲಿ ಜಾಸ್ತಿ ತೂಕದ್ದು ಅನ್ನಿಸುವುದು ಇದೇ.

ಹೀಗಿದ್ದ ಯುದ್ಧನಾಯಕನನ್ನು ಯುರೋಪಿನ ದೊಡ್ಡ ರಾಜನನ್ನಾಗಿ ಮಾಡಿದವನು ಮಾನ್ಮೌತ್‌ನ ಜೆಫ್ರಿ. ಆಕ್ಸ್‌ಫರ್ಡ್‌ನಲ್ಲಿದ್ದ ಪಂಡಿತ. 1136–38ರ ಹೊತ್ತಿಗೆ ಬ್ರಿಟನ್ನಿನ ರಾಜರ ಇತಿಹಾಸ ಬರೆದ. ಬಹಳ ಹಳೆಯ ಪುಸ್ತಕವೊಂದರಿಂದ ಅನುವಾದ ಮಾಡಿದ್ದೇನೆ ಅಂದ. ಅಂಥ ಪುಸ್ತಕ ಯಾರಿಗೂ ಸಿಕ್ಕಿಲ್ಲ. ಟಿಂಟಾಜೆಲ್, ತಂದೆ ಊಥರ್, ಮಾಂತ್ರಿಕ ಮರ್ಲಿನ್‌ನ ಮಾಯೆ, ಅವಲೋನ್‌ನಲ್ಲಿ ತಯಾರಾದ ಖಡ್ಗ, ರೋಮ್ ಮೇಲಿನ ಯುದ್ಧ, ಎಲ್ಲ ಒಂದು ಎಳೆಗೆ ಬಂದದ್ದು ಇವನ ಕೈಯಲ್ಲಿ. ಇದರ ಇನ್ನೂರಕ್ಕೂ ಹೆಚ್ಚು ಹಸ್ತಪ್ರತಿಗಳು ಉಳಿದಿವೆ. ಆ ಶತಮಾನದಲ್ಲೇ ನ್ಯೂಬರ್ಗ್‌ನ ವಿಲಿಯಂ ಅನ್ನುವ ಇತಿಹಾಸಕಾರ ಇದೆಲ್ಲ ಸುಳ್ಳು ಅಂತ ಕಟುವಾಗಿ ಬರೆದ. ಓದುವವರು ಕೇಳಲಿಲ್ಲ. ಆಮೇಲೆ ಒಬ್ಬೊಬ್ಬರು ಒಂದೊಂದು ಸೇರಿಸಿದರು. 1155ರಲ್ಲಿ ವಾಸ್ ಅನ್ನುವ ಕವಿ ದುಂಡು ಮೇಜು ತಂದ. ಫ್ರೆಂಚ್ ಕವಿ ಕ್ರೆಟಿಯಾನ್ ದ ತ್ರುವಾ ಯೋಧ ಲ್ಯಾನ್ಸಲಾಟ್‌ನ ಪ್ರೇಮ, ಆರ್ಥರನ ಆಸ್ಥಾನವಾದ ಕ್ಯಾಮೆಲಾಟ್ ಮತ್ತು ಗ್ರೇಲ್ ಅನ್ನುವ ಪವಿತ್ರ ಪಾತ್ರೆ ತಂದ. ಇನ್ನೊಬ್ಬ ಫ್ರೆಂಚ್ ಕವಿ ರಾಬರ್ಟ್ ದ ಬೊರೊನ್ ಕಲ್ಲಿನಲ್ಲಿ ನೆಟ್ಟ ಕತ್ತಿ ತಂದ. 1485ರಲ್ಲಿ ಥಾಮಸ್ ಮ್ಯಾಲರಿಯ ಪುಸ್ತಕ ಕ್ಯಾಕ್ಸ್‌ಟನ್‌ನ ಮುದ್ರಣಾಲಯದಿಂದ ಹೊರಬಂತು. ನಿಮ್ಮ ಮೊಮ್ಮಗ ಓದುತ್ತಿರುವ ಕಥೆಯ ಬೇರು ಬಹುಪಾಲು ಅದರಲ್ಲಿದೆ.

"ಆರ್ಥರ್ ಅಂದರೆ ವಾಸ್ತವದಲ್ಲಿ ಇಂಥವನೇ" ಅನ್ನುವ ಪುಸ್ತಕಗಳೂ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತವೆ. ಲೂಸಿಯಸ್ ಆರ್ಟೋರಿಯಸ್ ಕಾಸ್ಟಸ್ ಅನ್ನುವ ರೋಮನ್ ಅಧಿಕಾರಿಯ ಶಾಸನ ಕ್ರೊಯೇಷಿಯಾದಲ್ಲಿದೆ. ಅವನು ಬ್ರಿಟನ್ನಿನ ಸೇನೆಯಲ್ಲೂ ಇದ್ದವನು. ಹೆಸರು ಹೊಂದುತ್ತದೆ, ಕಾಲ ಹೊಂದುವುದಿಲ್ಲ. ಅವನು ಸ್ಯಾಕ್ಸನ್ ಯುದ್ಧಗಳಿಗಿಂತ ಇನ್ನೂರಕ್ಕೂ ಹೆಚ್ಚು ವರ್ಷ ಹಿಂದಿನವನು. ರಿಯೊಥಾಮಸ್ ಅನ್ನುವ ಬ್ರಿಟನ್ನರ ರಾಜ 470ರ ಸುಮಾರಿಗೆ 12,000 ಜನರ ಸೇನೆ ಕಟ್ಟಿಕೊಂಡು ಗಾಲ್‌ನಲ್ಲಿ, ಅಂದರೆ ಈಗಿನ ಫ್ರಾನ್ಸಿನಲ್ಲಿ, ಗೋಥರ ಎದುರು ಹೋರಾಡಿ ಸೋತ. ಕಾಲ ಹತ್ತಿರ ಬರುತ್ತದೆ, ಹೆಸರು ಬೇರೆ. ಸ್ಕಾಟ್ಲೆಂಡಿನ ಪಶ್ಚಿಮದ ದಾಲ್ ರಿಯಾಡಾ ರಾಜ್ಯದ ರಾಜ ಏಡಾನನ ಮಗ ಆರ್ತೂರ್‌ಗೆ ಹೆಸರು ಸರಿಯಾಗಿದೆ. ಆದರೆ ಅವನು ಬೇಡನ್ ಆಗಿ ಎಷ್ಟೋ ವರ್ಷಕ್ಕೆ ಬಂದವನು. ಒಬ್ಬೊಬ್ಬರಲ್ಲೂ ಒಂದು ಅಂಶ ಹೊಂದುತ್ತದೆ, ಉಳಿದದ್ದನ್ನು ಬಲವಂತವಾಗಿ ಹೊಂದಿಸಬೇಕಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಬೇಡನ್ ಗೆಲುವು ನಿಜ, ಆಂಬ್ರೋಸಿಯಸ್ ನಿಜ. ಆರ್ಥರ್ ಅನ್ನುವ ಹೆಸರಿನ ಸಣ್ಣ ಪ್ರಾಂತ್ಯದ ಯೋಧ ಉತ್ತರದಲ್ಲೋ ಪಶ್ಚಿಮದಲ್ಲೋ ಇದ್ದಿರುವುದು ಸಾಧ್ಯ. ಆ ಯೋಧನೇ ಬೇಡನ್ ಗೆದ್ದ ಅನ್ನಲು ಮಾತ್ರ ಸಾಕಷ್ಟು ಆಧಾರ ಇಲ್ಲ. ಮೊಮ್ಮಗ ಕೇಳಿದರೆ ಇಷ್ಟನ್ನೇ ಹೇಳಿ. ಮಕ್ಕಳಿಗೆ "ಇದ್ದಿರಬಹುದು" ಅನ್ನುವ ಉತ್ತರ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನು ಎಲ್ಲಿಗೆ ಹೋಗಬೇಕು ಅನ್ನುವುದು. ಲಂಡನ್ನಿನಿಂದ ವಿಂಚೆಸ್ಟರ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಮೇಜನ್ನು ಹುಡುಗನಿಗೆ ತೋರಿಸಲೇಬೇಕು. ಟಿಂಟಾಜೆಲ್ ಬಹಳ ದೂರ, ಮೆಟ್ಟಿಲೂ ಜಾಸ್ತಿ. ಮಂಡಿನೋವಿದ್ದರೆ ಯೋಚಿಸಿ. ಒಂದು ದಿನ ಕಾರು ಸಿಕ್ಕರೆ ಸಾಮರ್‌ಸೆಟ್‌ನ ಕ್ಯಾಡ್‌ಬರಿ ಗುಡ್ಡಕ್ಕೆ ಹೋಗಿ ಅನ್ನುತ್ತೇನೆ. 1540ರ ದಶಕದಲ್ಲಿ ಜಾನ್ ಲೀಲ್ಯಾಂಡ್ ಅನ್ನುವ ವಿದ್ವಾಂಸ ಇದೇ ಕ್ಯಾಮೆಲಾಟ್ ಅಂತ ಬರೆದ. ಆ ಹೆಸರನ್ನು ನಂಬಬೇಕಿಲ್ಲ. ಆದರೆ 1966ರಿಂದ 1970ರವರೆಗೆ ಪುರಾತತ್ವಜ್ಞ ಲೆಸ್ಲಿ ಆಲ್ಕಾಕ್ ನಡೆಸಿದ ಅಗೆತದಲ್ಲಿ ಒಂದು ವಿಷಯ ತಿಳಿಯಿತು. ಕಬ್ಬಿಣ ಯುಗದ ಈ ಹಳೆಯ ಕೋಟೆಯನ್ನು 5ನೇ ಶತಮಾನದ ಕೊನೆಗೆ ಯಾರೋ ಮರ, ಕಲ್ಲು ಹಾಕಿ ಮತ್ತೆ ಭದ್ರ ಮಾಡಿದ್ದರು. ಮೇಲೆ ಸುಮಾರು 20 ಮೀಟರ್ ಉದ್ದದ ಮರದ ಸಭಾಂಗಣವನ್ನೂ ಕಟ್ಟಿದ್ದರು. ಅಷ್ಟು ಕೆಲಸಕ್ಕೆ ನೂರಾರು ಆಳುಗಳನ್ನು ಕೂಡಿಸಬಲ್ಲ ದೊರೆಯೇ ಬೇಕು. ಟಿಕೆಟ್ ಇಲ್ಲ, ಅಂಗಡಿ ಇಲ್ಲ, ಸುಮ್ನೆ ಹತ್ತಿಕೊಂಡು ಹೋಗಬಹುದು. ಸುತ್ತಲಿನ ಮಣ್ಣಿನ ಏರಿಗಳು ಒಂದರ ಹಿಂದೆ ಒಂದು ಎದ್ದು ನಿಂತಿವೆ. ಆಕಾಶ ತಿಳಿಯಾಗಿದ್ದರೆ ಗ್ಲಾಸ್ಟನ್‌ಬರಿಯ ಗುಡ್ಡವೂ ಅಲ್ಲಿಂದ ಕಾಣುತ್ತದೆ. ಮಳೆ ಬಂದ ಮಾರನೇ ದಿನ ಹೋಗಬೇಡಿ. ದಾರಿ ಕೆಸರಾಗಿ ಜಾರುತ್ತದೆ. ಗಟ್ಟಿ ಅಡಿಯ ಬೂಟು ಹಾಕಿಕೊಂಡೇ ಹತ್ತಿ.